ಮೈಕ್ರೋಲೈಟ್ ಎಂಜಿನ್ ಗಾಳಿಯಲ್ಲಿ ನಿಂತರೆ: ಮೊದಲ ಮೂರು ಸೆಕೆಂಡು, ಇಳಿಯುವ ಹೊಲ, ನಿಂತದ್ದರ ಕಾರಣ

ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿ ತನ್ನ ಟೂ-ಸ್ಟ್ರೋಕ್ ವಿಮಾನ ಎಂಜಿನ್‌ಗಳ ಕೈಪಿಡಿಯಲ್ಲೇ ಎಚ್ಚರಿಕೆ ಕೊಟ್ಟಿದೆ: ಈ ಎಂಜಿನ್ ತಟ್ಟನೆ ನಿಲ್ಲಬಹುದು, ನಿಂತರೆ ಕ್ಷೇಮವಾಗಿ ಇಳಿಯಲಾಗದ ಜಾಗದ ಮೇಲೆ, ಅಂಥ ಎತ್ತರದಲ್ಲಿ, ಅಂಥ ವೇಗದಲ್ಲಿ ಹಾರಲೇಬೇಡಿ. ತಯಾರಿಸಿದವರೇ ಇಷ್ಟು ಬಿಚ್ಚಿ ಹೇಳಿರುವಾಗ ಹಾರಿಸುವವರು ಅದನ್ನು ಅಕ್ಷರಶಃ ನಂಬಬೇಕು. ಎಂಜಿನ್ ನಿಂತ ವಿಮಾನವೂ ವೇಗ ಇರುವ ತನಕ ಹಾರುತ್ತಲೇ ಇರುತ್ತದೆ. ನೆಲ ಹತ್ತಿರವಿದ್ದಾಗ ವೇಗ ಹೋಗಿ ಸ್ಟಾಲ್ ಆಯಿತೆಂದರೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದನ್ನು ಬಿಟ್ಟರೆ, ಆಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇಲ್ಲಿ ಮುಖ್ಯವಾಗಿ ಹೇಳುವುದು ರೋಟ್ಯಾಕ್ಸ್ 582 ಎಂಜಿನ್ ಹೊತ್ತ ಎರಡು ಸೀಟಿನ ಪುಟ್ಟ ಹಗುರ ವಿಮಾನಗಳ, ಅಂದರೆ ಮೈಕ್ರೋಲೈಟ್‌ಗಳ ಬಗ್ಗೆ. ಎರಡು ಸಿಲಿಂಡರ್, 580 ಸಿಸಿ, ನೀರಿನಿಂದ ತಂಪಾಗುವ ಟೂ-ಸ್ಟ್ರೋಕ್, 6500 ಆರ್‌ಪಿಎಂನಲ್ಲಿ ಸುಮಾರು 65 ಅಶ್ವಶಕ್ತಿ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ವಿಮಾನಗಳನ್ನು ಬಲ್ಲವರಿಗೆ ಈ ಎಂಜಿನ್ನಿನ ಸದ್ದು ಪರಿಚಿತ. ಇದೇ ಕಂಪನಿಯ ಫೋರ್-ಸ್ಟ್ರೋಕ್ 912 ಎಂಜಿನ್ನಿಗೆ ಬೇರೆಯಾಗಿ ಅನ್ವಯಿಸುವ ಮಾತನ್ನು ಆಯಾ ಜಾಗದಲ್ಲೇ ಹೇಳಿದೆ.

ನಿಂತ ಕ್ಷಣ

ಮೊದಲ ಕೆಲಸ ಒಂದೇ: ಸ್ಟಿಕ್ಕನ್ನು ಮುಂದಕ್ಕೆ ಒತ್ತಿ ಮೂತಿ ಕೆಳಗಿಳಿಸಿ. ಮೆತ್ತಗಲ್ಲ, ಗಟ್ಟಿಯಾಗಿ. ಇದಕ್ಕೆ ಎರಡು ಕಾರಣಗಳಿವೆ. ಮೈಕ್ರೋಲೈಟ್ ಹಗುರ, ಆದರೆ ಬಟ್ಟೆ, ಪೈಪು, ತಂತಿಗಳಿಂದಾಗಿ ಗಾಳಿಯ ತಡೆ ವಿಪರೀತ. ಎಳೆತ ನಿಂತ ಕೂಡಲೇ ಬ್ರೇಕ್ ಹಾಕಿದ ಹಾಗೆ ವೇಗ ಇಳಿಯುತ್ತದೆ. ಎರಡನೆಯದು, ಎಂಜಿನ್ ಮೇಲ್ಗಡೆ ಕೂತಿರುವ ವಿನ್ಯಾಸಗಳಲ್ಲಿ ಪ್ರೊಪೆಲ್ಲರ್‌ನ ಎಳೆತವೇ ಮೂತಿಯನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ. ಎಳೆತ ಹೋದರೆ ಮೂತಿ ತಾನಾಗಿ ಮೇಲೇಳುತ್ತದೆ. ಅಂದರೆ ವೇಗ ಅತ್ಯಂತ ಬೇಕಾದ ಗಳಿಗೆಯಲ್ಲೇ ವಿಮಾನ ವೇಗ ಕಳೆಯುವ ಕಡೆಗೆ ವಾಲುತ್ತದೆ. ಏರುವಾಗ ಎಂಜಿನ್ ನಿಂತರೆ ಸುಮ್ಮನೆ ಕೂರಲು ಎರಡು–ಮೂರು ಸೆಕೆಂಡಿಗಿಂತ ಹೆಚ್ಚು ಸಮಯ ಇಲ್ಲ.

ಆಮೇಲೆ ಗ್ಲೈಡ್ ವೇಗ ಹಿಡಿಯಿರಿ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಅದು ಎಷ್ಟಿದೆಯೋ ಅದನ್ನು ವೇಗಮಾಪಕದ ಗಾಜಿನ ಅಂಚಿನಲ್ಲಿ ಬಣ್ಣದ ಟೇಪಿನಿಂದ ಗುರುತು ಮಾಡಿಡಿ. ಗಾಬರಿಯಾದಾಗ ಸಂಖ್ಯೆ ನೆನಪಿಗೆ ಬರುವುದಿಲ್ಲ, ಟೇಪು ಕಾಣುತ್ತದೆ.

ಟೇಕಾಫ್ ಆದ ಕೂಡಲೇ ನಿಂತರೆ ರನ್‌ವೇಗೆ ಹಿಂದಿರುಗುವ ಆಸೆ ಬರುತ್ತದೆ. ಅದು ಏಕೆ ಬೇಡ ಎಂಬುದನ್ನು ಲೆಕ್ಕದಲ್ಲೇ ನೋಡಿ. ಗ್ಲೈಡ್ ವೇಗ ಗಂಟೆಗೆ 90 ಕಿ.ಮೀ. ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 25 ಮೀಟರ್. ಗ್ಲೈಡ್ ಅನುಪಾತ 1:7 (1 ಮೀಟರ್ ಇಳಿಯುವಷ್ಟರಲ್ಲಿ 7 ಮೀಟರ್ ಮುಂದೆ) ಎಂದರೆ ನೇರ ಹೋಗುವಾಗ ಸೆಕೆಂಡಿಗೆ ಸುಮಾರು 3.6 ಮೀಟರ್ ಇಳಿಯುತ್ತೀರಿ. 45 ಡಿಗ್ರಿ ವಾಲಿಸಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 64 ಮೀಟರ್, ಇಳಿತ ಸೆಕೆಂಡಿಗೆ 6 ಮೀಟರ್. ಮತ್ತೆ ರನ್‌ವೇ ಕಡೆ ಮುಖ ಮಾಡಲು 180 ಡಿಗ್ರಿ ಸಾಲದು, 225 ಡಿಗ್ರಿಯಷ್ಟು ತಿರುಗಿ ಆಮೇಲೆ 45 ಡಿಗ್ರಿ ಹಿಂದಕ್ಕೆ ತಿರುಗಿಸಿ ಸಾಲಿಗೆ ಬರಬೇಕು. ಮೊದಲ ತಿರುವಿಗೆ 60 ಮೀಟರ್, ಕೊನೆಯದಕ್ಕೆ 15, ಏನಾಯಿತೆಂದು ಅರಿತು ಮೂತಿ ಇಳಿಸುವಷ್ಟರಲ್ಲಿ ಹೋದದ್ದು 20. ಒಟ್ಟು 95 ಮೀಟರ್, 300 ಅಡಿಗೂ ಹೆಚ್ಚು, ಅದೂ ಒಂದು ತಪ್ಪೂ ಮಾಡದ ಕೈಯಲ್ಲಿ. ಜೊತೆಗೆ 45 ಡಿಗ್ರಿ ವಾಲಿದಾಗ ಸ್ಟಾಲ್ ವೇಗ 60ರಿಂದ 71 ಕಿ.ಮೀ.ಗೆ ಏರುತ್ತದೆ, ಇಳಿಯುವುದೂ ಗಾಳಿ ಬೆನ್ನಿಗಿಟ್ಟುಕೊಂಡು. ಆದ್ದರಿಂದ 500 ಅಡಿಗಿಂತ ಕೆಳಗೆ ನಿಂತರೆ ಎದುರಿಗೇ ಇಳಿಯಿರಿ, ಎಡಕ್ಕೋ ಬಲಕ್ಕೋ 30 ಡಿಗ್ರಿಯೊಳಗೆ ಸಿಗುವ ಜಾಗದಲ್ಲಿ. ಎದುರಿಗೆ ಪೊದೆ ಬೇಲಿ ಇದ್ದರೂ ಸರಿ. ರೆಕ್ಕೆ ಮಟ್ಟವಾಗಿಟ್ಟು 60 ಕಿ.ಮೀ. ವೇಗದಲ್ಲಿ ಪೊದೆಗೆ ನುಗ್ಗಿದವರು ಬದುಕಬಹುದು. ತಿರುವಿನಲ್ಲಿ ರೆಕ್ಕೆ ಬಿದ್ದು ತಲೆಕೆಳಗಾಗಿ ಬೀಳುವವರಿಗೆ ಆ ಅವಕಾಶ ಇರುವುದಿಲ್ಲ.

500 ಅಡಿಗಿಂತ ಮೇಲಿದ್ದರೆ ಕ್ರಮ ಹೀಗಿರಲಿ. ಮೂತಿ, ವೇಗ, ಹೊಲ. ಹೊಲ ಆರಿಸಿ ಅದರ ಕಡೆ ತಿರುಗಿದ ಮೇಲೆಯೇ ಮತ್ತೆ ಚಾಲೂ ಮಾಡುವ ಪ್ರಯತ್ನ: ಪೆಟ್ರೋಲ್ ಕಾಕ್ ತೆರೆದಿದೆಯೇ, ಇನ್ನೊಂದು ಟ್ಯಾಂಕಿದ್ದರೆ ಅದಕ್ಕೆ ಬದಲಿಸಿ, ಎಲೆಕ್ಟ್ರಿಕ್ ಪಂಪ್ ಇದ್ದರೆ ಆನ್, ಎರಡೂ ಇಗ್ನಿಷನ್ ಸ್ವಿಚ್ ಆನ್, ಸ್ಟಾರ್ಟರ್. ಬಿಂಗ್ ಕಾರ್ಬ್ಯುರೇಟರ್‌ನ ಚೋಕ್ ಥ್ರಾಟಲ್ ಮುಚ್ಚಿದ್ದಾಗ ಮಾತ್ರ ಕೆಲಸ ಮಾಡುತ್ತದೆ; ಥ್ರಾಟಲ್ ಪೂರ್ತಿ ತೆರೆದು ಚೋಕ್ ಎಳೆದರೆ ಪ್ರಯೋಜನವಿಲ್ಲ. ಎರಡು ಸಲ ಪ್ರಯತ್ನಿಸಿ ಆಗದಿದ್ದರೆ ಬಿಟ್ಟುಬಿಡಿ, ಕಣ್ಣು ಹೊಲದ ಮೇಲಿರಲಿ. ನೆಲ ಮುಟ್ಟುವ ಮೊದಲು ಪೆಟ್ರೋಲ್ ಬಂದ್, ಇಗ್ನಿಷನ್ ಬಂದ್, ಮಾಸ್ಟರ್ ಸ್ವಿಚ್ ಬಂದ್, ಬೆಲ್ಟ್ ಬಿಗಿ.

ಎಂಜಿನ್ ಪೂರ್ತಿ ನಿಲ್ಲದೆ ಅರ್ಧ ಶಕ್ತಿ ಕೊಡುತ್ತಾ ಕೆಮ್ಮುತ್ತಿದ್ದರೆ ಅದು ಹೆಚ್ಚು ಮೋಸದ್ದು. ಇನ್ನೇನು ಏರ್‌ಫೀಲ್ಡ್ ಮುಟ್ಟುತ್ತೇವೆ ಎಂದು ಒಳ್ಳೆಯ ಹೊಲಗಳನ್ನೆಲ್ಲ ದಾಟಿಸಿಕೊಂಡು ಹೋಗಿ, ಮನೆಗಳ ಮೇಲೆ ಕೈಕೊಡುತ್ತದೆ. ಕೆಮ್ಮಿದ ಎಂಜಿನ್ ನಿಂತಿದೆ ಎಂದೇ ಲೆಕ್ಕ ಹಾಕಿ, ಸಿಕ್ಕ ಮೊದಲ ಒಳ್ಳೆಯ ಹೊಲದಲ್ಲಿ ಇಳಿಯಿರಿ.

ಹೊಲ ಆರಿಸುವುದು

1000 ಅಡಿ ಎತ್ತರದಿಂದ 1:7ರಲ್ಲಿ ಗಾಳಿ ಇಲ್ಲದಾಗ 2.1 ಕಿ.ಮೀ. ಹೋಗಬಹುದು. ಎದುರು ಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ 1.6ಕ್ಕೆ ಇಳಿಯುತ್ತದೆ. ಆದ್ದರಿಂದ ಹುಡುಕಾಟ ಕಾಲಬುಡದಲ್ಲೇ ಶುರುವಾಗಬೇಕು. ದಿಗಂತದಲ್ಲಿ ಕಾಣುವ ಚೆಂದದ ಬಯಲು ನಿಮ್ಮದಲ್ಲ. ಗಾಳಿಯ ದಿಕ್ಕನ್ನು ಹೊಗೆಯಿಂದ, ಕಬ್ಬಿನ ಗರಿಯಿಂದ ತಿಳಿಯಬಹುದು. ಕೆರೆಯ ನೀರು ಯಾವ ದಡದ ಬಳಿ ಕನ್ನಡಿಯ ಹಾಗೆ ಸಪಾಟಾಗಿದೆಯೋ ಗಾಳಿ ಆ ಕಡೆಯಿಂದ ಬರುತ್ತಿದೆ.

ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿ–ದೊಡ್ಡಬಳ್ಳಾಪುರದ ಕಡೆ ಹಾರುವವರು ಒಂದು ವಿಷಯ ತಿಳಿದಿರಲೇಬೇಕು. ಮೇಲಿಂದ ಹಸಿರು ಜಮಖಾನೆ ಹಾಸಿದಂತೆ ಕಾಣುವ ಜಾಗ ದ್ರಾಕ್ಷಿ ತೋಟವಾಗಿರಬಹುದು. ಆ ಹಸಿರಿನ ಕೆಳಗೆ ಆಳೆತ್ತರದ ಕಲ್ಲು ಕಂಬಗಳ ಸಾಲು, ಅವುಗಳ ಮೇಲೆ ಬಿಗಿದ ಕಬ್ಬಿಣದ ತಂತಿ. ಅದಕ್ಕಿಂತ ಬೋಳು ನೆಲ ಎಷ್ಟೋ ವಾಸಿ. ಕೊಯ್ಲಾದ ರಾಗಿ ಹೊಲ ಉತ್ತಮ; ಮೆದೆ ಎಲ್ಲಿದೆ ನೋಡಿಕೊಳ್ಳಿ. ಉತ್ತ ಹೊಲವಾದರೆ ನೇಗಿಲ ಸಾಲಿನ ಉದ್ದಕ್ಕೆ ಇಳಿಯಿರಿ, ಅಡ್ಡಕ್ಕೆ ಬೇಡ, ಮೂಗಿನ ಚಕ್ರ ಹೂತುಕೊಳ್ಳದ ಹಾಗೆ ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದಿಡಿ. ಬೆಳೆದು ನಿಂತ ಜೋಳ, ಕಬ್ಬಿನಲ್ಲಿ ಇಳಿಯಲೇಬೇಕಾದರೆ ಬೆಳೆಯ ತುದಿಯನ್ನೇ ನೆಲ ಎಂದು ಭಾವಿಸಿ ಅದರ ಮೇಲೆಯೇ ವೇಗ ಕಳೆಯಿರಿ. ಒಣಗಿದ ಕೆರೆ ಅಂಗಳ ಆಕರ್ಷಕವಾಗಿ ಕಾಣುತ್ತದೆ, ಆದರೆ ಬಿರುಕು ಬಿಟ್ಟ ಮೇಲ್ಪದರದ ಕೆಳಗೆ ಕೆಸರಿದ್ದರೆ ಚಕ್ರ ಕಚ್ಚಿಕೊಂಡು ವಿಮಾನ ಮಗುಚುತ್ತದೆ. ದಡದ ಹುಲ್ಲು ಬೆಳೆದ ಏರು ಭಾಗ ಹೆಚ್ಚು ಗಟ್ಟಿ. ಮಳೆಗಾಲದ ಎರೆಮಣ್ಣೂ ಕೆರೆಯ ಕೆಸರಿನಂತೆಯೇ ಚಕ್ರ ಕಚ್ಚಿಕೊಳ್ಳುತ್ತದೆ.

ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಹೊಲದ ನಡುವೆ ಪಂಪ್‌ಹೌಸ್ ಇದ್ದರೆ ಹತ್ತಿರದ ಕಂಬದಿಂದ ಅಲ್ಲಿಗೆ ತಂತಿ ಇದ್ದೇ ಇದೆ ಎಂದುಕೊಳ್ಳಿ, ಕಾಣದಿದ್ದರೂ.

ಹೇಗೆ ನಿಂತಿತು ಎಂಬುದೇ ಮೊದಲ ಸುಳಿವು

ಇಳಿದ ಮೇಲೆ, ಕೈಕಾಲು ಸರಿಯಿದ್ದರೆ, ನಿಂತ ರೀತಿಯನ್ನು ಮರೆಯುವ ಮೊದಲು ಬರೆದಿಡಿ. ಕಿರ್ರೆಂದು ಎಳೆದಂತಾಗಿ ಪ್ರೊಪೆಲ್ಲರ್ ಗಕ್ಕನೆ ನಿಂತಿತೇ? ಪಿಸ್ಟನ್ ಸೀಜ್ ಆಗಿರುವ, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಏರುತ್ತಾ ಇಳಿಯುತ್ತಾ, ಉಸಿರುಕಟ್ಟಿದಂತೆ ಸೊರಗಿ ನಿಂತಿತೇ? ಪೆಟ್ರೋಲ್ ಬರುತ್ತಿರಲಿಲ್ಲ. ದೀಪ ಆರಿಸಿದ ಹಾಗೆ ಸದ್ದಿಲ್ಲದೆ ಹೋಯಿತೇ? ಇಗ್ನಿಷನ್. ದಪ್ಪ ಹೊಗೆ ಬಿಡುತ್ತಾ ಗುಡುಗುಡು ಎಂದು ನಿಧಾನವಾಯಿತೇ? ಪೆಟ್ರೋಲ್ ಅತಿಯಾಗಿ ಬಂದಿದೆ, ಫ್ಲೋಟ್ ಅಥವಾ ಸೂಜಿ ಕವಾಟ ನೋಡಿ.

ಪೆಟ್ರೋಲ್: ಮೊದಲು ಹುಡುಕಬೇಕಾದ ಜಾಗ

ಪೂರ್ಣ ಥ್ರಾಟಲ್‌ನಲ್ಲಿ 582 ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ ಹತ್ತಿರಹತ್ತಿರ ಅರ್ಧ ಲೀಟರ್. ಟ್ಯಾಕ್ಸಿ ಮಾಡುವಾಗ ಇದರ ಒಂದು ಸಣ್ಣ ಪಾಲು ಸಾಕು. ಹಾಗಾಗಿ ಅರ್ಧ ಕಟ್ಟಿದ ಫಿಲ್ಟರ್, ಅರ್ಧ ತೆರೆದ ಕಾಕ್ ನೆಲದ ಮೇಲೆ ತಮ್ಮನ್ನು ತೋರಿಸಿಕೊಳ್ಳುವುದೇ ಇಲ್ಲ. ಕಾರ್ಬ್ಯುರೇಟರ್ ಬಟ್ಟಲಲ್ಲಿದ್ದ ಪೆಟ್ರೋಲ್‌ನಲ್ಲಿ ವಿಮಾನ ಏರುತ್ತದೆ, ಅದು ಮುಗಿದಾಗ ಮರಗಳ ಮೇಲಿರುತ್ತೀರಿ. ದಿನದ ಮೊದಲ ಹಾರಾಟಕ್ಕೆ ಮುಂಚೆ, ಬಾಲವನ್ನು ಗಟ್ಟಿ ಗೂಟಕ್ಕೆ ಕಟ್ಟಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಎಂಜಿನ್ ಬಿಸಿಯಾದ ಮೇಲೆ 30 ಸೆಕೆಂಡ್ ಪೂರ್ಣ ಥ್ರಾಟಲ್ ಕೊಡಿ. ಬಂದ ಆರ್‌ಪಿಎಂ ಪುಸ್ತಕದಲ್ಲಿ ಬರೆಯಿರಿ. ನಿನ್ನೆಗಿಂತ 150–200 ಕಡಿಮೆ ಇದ್ದರೆ ಕಾರಣ ಗೊತ್ತಾಗುವ ತನಕ ಹಾರಾಟ ಇಲ್ಲ.

ಟ್ಯಾಂಕಿನ ಗಾಳಿ ರಂಧ್ರಕ್ಕೆ ವಿಶೇಷ ಗಮನ ಕೊಡಿ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ ಆ ಸಣ್ಣ ಪೈಪಿನ ಬಾಯಿ ಹೇಳಿಮಾಡಿಸಿದ ಜಾಗ. ಎರಡು ದಿನ ಹ್ಯಾಂಗರಿನಲ್ಲಿ ನಿಂತರೆ ಸಾಕು. ಲಕ್ಷಣ ಹೀಗಿರುತ್ತದೆ: ಎಂಜಿನ್ 10–15 ನಿಮಿಷ ಚೆನ್ನಾಗಿ ಓಡಿ ಸೊರಗುತ್ತದೆ, ಇಳಿದು ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿ. ಸ್ಸ್ ಎಂದು ಗಾಳಿ ಒಳನುಗ್ಗುವ ಸದ್ದು ಕೇಳಿ, ಒಳಕ್ಕೆ ಹೀರಿಕೊಂಡಿದ್ದ ಪ್ಲಾಸ್ಟಿಕ್ ಟ್ಯಾಂಕಿನ ಪಕ್ಕೆ ಟಪ್ ಎಂದು ಹೊರಬಂದರೆ ಬೇರೇನೂ ಹುಡುಕಬೇಕಾಗಿಲ್ಲ. ನಿಲ್ಲಿಸಿದಾಗ ರಂಧ್ರಕ್ಕೆ ಕೆಂಪು ಬಟ್ಟೆಯ ತುಂಡು ಕಟ್ಟಿ, ಹಾರುವ ಮುನ್ನ ತೆಗೆದು ಬಾಯಿಂದ ಊದಿ ನೋಡಿ.

ಪೈಪುಗಳು. ಪಾರದರ್ಶಕ ಪ್ಲಾಸ್ಟಿಕ್ ಪೈಪು ಹೊಸದರಲ್ಲಿ ಗುಳ್ಳೆ ಕಾಣಲು ಒಳ್ಳೆಯದು, ಆದರೆ ಪೆಟ್ರೋಲ್ ಅದರ ಮೆದುತನವನ್ನು ತಿಂದು ಬಿಡುತ್ತದೆ. ಹಳದಿಯಾಗಿ ಬಿರುಸಾದ ಪೈಪು ಕ್ಲ್ಯಾಂಪಿನ ಕೆಳಗೆ ಕುಗ್ಗಿ, ಹೊರಗೆ ಒಂದು ಹನಿಯೂ ಸೋರದೆ ಒಳಕ್ಕೆ ಗಾಳಿ ಎಳೆಯುತ್ತದೆ. ಪಂಪಿಗಿಂತ ಮೊದಲಿನ ಭಾಗ ಹೀರುವ ಭಾಗ. ಅಲ್ಲಿ ಸೋರಿಕೆ ಹನಿಯಾಗಿ ಕಾಣುವುದಿಲ್ಲ, ಗುಳ್ಳೆಯಾಗಿ ಕಾಣುತ್ತದೆ. ಬೆರಳಿನಿಂದ ಹಿಂಡಿ, ಗಟ್ಟಿಯಾಗಿದ್ದರೆ ಬದಲಿಸಿ. 912ರಲ್ಲಿ ರಬ್ಬರ್ ಪೈಪುಗಳೆಲ್ಲ 5 ವರ್ಷಕ್ಕೊಮ್ಮೆ ಬದಲಾಗಬೇಕು ಎಂದು ತಯಾರಕರೇ ಹೇಳಿದ್ದಾರೆ. 582ಕ್ಕೆ ಇನ್ನೂ ಬೇಗ ಬದಲಿಸಿದರೆ ನಷ್ಟವೇನಿಲ್ಲ. ಕೈಯಿಂದ ಹಿಂಡುವ ರಬ್ಬರ್ ಬಲ್ಬ್ ಇದ್ದರೆ ಅದರೊಳಗಿನ ಕವಾಟ ಕಳಚಿ ದಾರಿಗೆ ಅಡ್ಡ ಬೀಳಬಹುದು ಎಂಬುದು ನೆನಪಿರಲಿ.

582ರ ಪಂಪ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದಲೇ ಓಡುವಂಥದ್ದು. ಆ ಏರಿಳಿತ ತಲುಪಿಸುವ ಸಣ್ಣ ಪೈಪು ಗಿಡ್ಡಗಿರಬೇಕು, ಗೋಡೆ ಗಟ್ಟಿಯಿರಬೇಕು. ಮೆತ್ತನೆಯ ಪೈಪು ಹಾಕಿದರೆ ಬಡಿತವನ್ನು ಪೈಪೇ ನುಂಗಿಬಿಡುತ್ತದೆ. ಪಂಪಿನೊಳಗಿನ ತೆಳು ಪೊರೆ ಬಿರುಸಾಗಿದ್ದರೆ ಐಡಲ್‌ನಲ್ಲಿ ಸರಿಯಾಗಿದ್ದು ಪೂರ್ಣ ಶಕ್ತಿಯಲ್ಲಿ ಸೋಲುತ್ತದೆ. ಒತ್ತಡ 0.2ರಿಂದ 0.5 ಬಾರ್ ಒಳಗಿರಬೇಕು.

ಇನ್ನು ಎಥನಾಲ್. 2023ರ ಫೆಬ್ರುವರಿ 6ರಂದು ದೇಶದಲ್ಲಿ 20% ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಕಾರಿಗೆ ಅದು ಹೊಂದಬಹುದು. ರೋಟ್ಯಾಕ್ಸ್ 912 ಸರಣಿಗೆ ಒಪ್ಪಿಗೆ ಇರುವುದು 10% ತನಕ ಮಾತ್ರ. ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಗಾತ್ರ ಬದಲಾಗದ ಕಾರ್ಬ್ಯುರೇಟರಿಗೆ 20% ಎಥನಾಲ್ ಹಾಕಿದರೆ ಮಿಶ್ರಣ ಸುಮಾರು 7–8% ತೆಳುವಾಗುತ್ತದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ), ಏಕೆಂದರೆ ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ತೆಳು ಮಿಶ್ರಣ ಅಂದರೆ ಬಿಸಿ ಪಿಸ್ಟನ್. ಮೇಲಾಗಿ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಸರಿಯಾಗಿ ಪೈಪು ಹೀರುವ ಜಾಗಕ್ಕೆ. ಫೈಬರ್ ಟ್ಯಾಂಕಿನ ರಾಳವನ್ನೂ ಕರಗಿಸಿ ಜಿಗುಟು ಮಾಡುತ್ತದೆ.

ತಂದ ಪ್ರತಿ ಕ್ಯಾನನ್ನೂ ಪರೀಕ್ಷಿಸಿ, ಐದು ನಿಮಿಷದ ಕೆಲಸ. 100 ಮಿ.ಲೀ. ಗುರುತಿರುವ ಗಾಜಿನ ಅಳತೆ ಕೊಳವೆಯಲ್ಲಿ 10 ಮಿ.ಲೀ. ನೀರು ಹಾಕಿ, 100ರ ಗುರುತಿನ ತನಕ ಪೆಟ್ರೋಲ್ ತುಂಬಿ, ಬಾಯಿ ಮುಚ್ಚಿ ಕುಲುಕಿ, ಐದು ನಿಮಿಷ ನಿಲ್ಲಿಸಿ. ನೀರಿನ ಗೆರೆ 10ರಲ್ಲೇ ಇದ್ದರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ 10%, 28ರ ಹತ್ತಿರ ಬಂದರೆ 20%. ಪರೀಕ್ಷೆಗೆ ಎಣ್ಣೆ ಬೆರೆಸದ ಪೆಟ್ರೋಲನ್ನೇ ಬಳಸಿ. ನೀರಿನಿಂದ ತೊಳೆದು ಎಥನಾಲ್ ತೆಗೆದು ಅದೇ ಪೆಟ್ರೋಲ್ ಹಾಕುವ ಕೆಲಸ ಬೇಡ. ಆಕ್ಟೇನ್ ಇಳಿಯುತ್ತದೆ, ನೀರೂ ಉಳಿಯುತ್ತದೆ. ಎಥನಾಲ್ ಇಲ್ಲದ್ದು ಸಿಗದಿದ್ದರೆ ವಿಮಾನಗಳಿಗೆಂದೇ ಮಾಡಿದ ಪೆಟ್ರೋಲ್ ಆದ ಏವ್‌ಗ್ಯಾಸ್ ಬಳಸಿ, ಅದರ ಸೀಸದಿಂದ ಪ್ಲಗ್ಗಿನಲ್ಲಿ, 912 ಆದರೆ ಆಯಿಲ್‌ನಲ್ಲಿ ಕಿಟ್ಟ ಸೇರುತ್ತದೆಂದು ಸರ್ವಿಸ್ ಅವಧಿ ಕಡಿಮೆ ಮಾಡಿ.

ಎಣ್ಣೆ ಬೆರಕೆ 50ಕ್ಕೆ 1. ಲೀಟರಿಗೆ 20 ಮಿ.ಲೀ., 20 ಲೀಟರ್ ಕ್ಯಾನಿಗೆ 400 ಮಿ.ಲೀ. ಮೊದಲು ಎರಡು ಲೀಟರ್ ಪೆಟ್ರೋಲಿಗೆ ಎಲ್ಲ ಎಣ್ಣೆ ಹಾಕಿ ಕುಲುಕಿ, ಆಮೇಲೆ ಉಳಿದದ್ದನ್ನು ಸುರಿಯಿರಿ. ಎಣ್ಣೆ ಎಪಿಐ ಟಿಸಿ ದರ್ಜೆಯದಿರಲಿ. ದೋಣಿ ಎಂಜಿನ್ನಿನ ಎಣ್ಣೆ ಬೇಡ, ಅದು ತಣ್ಣಗೆ ಓಡುವ ಎಂಜಿನ್ನಿಗೆ ಮಾಡಿದ್ದು. ಬೆರೆಸಿದ ಕ್ಯಾನಿನ ಮೇಲೆ ಅಂದೇ ತಾರೀಖು ಬರೆದು, ಮೂರು ವಾರ ದಾಟಿದ್ದನ್ನು ಬೈಕಿಗೆ ಹಾಕಿಬಿಡಿ. ಬೆರೆಸಿದ್ದೋ ಇಲ್ಲವೋ ಎಂಬ ಅನುಮಾನ ಬಂದರೆ ಆ ಕ್ಯಾನ್ ವಿಮಾನಕ್ಕಲ್ಲ. ರೋಟರಿ ವಾಲ್ವಿನ ಗೇರಿಗೆ ಎಣ್ಣೆ ಕೊಡುವ ಪುಟ್ಟ ಬಾಟಲಿ ಬೇರೆಯೇ ಇದೆ, ಅದರ ಮಟ್ಟವನ್ನೂ ನೋಡಿ.

ಪಿಸ್ಟನ್ ಸೀಜ್: ಬಿಸಿಯಿಂದಲೂ ಆಗುತ್ತದೆ, ತಣ್ಣೀರಿನಿಂದಲೂ

ಬಿಸಿಯಿಂದ ಆಗುವುದು ಎಲ್ಲರಿಗೂ ಗೊತ್ತು. ಮಿಶ್ರಣ ತೆಳುವಾಗುತ್ತದೆ, ಹೊಗೆ ಪೈಪಿನ ಉಷ್ಣ ಏರುತ್ತದೆ, 650 ಡಿಗ್ರಿ ಸೆಲ್ಸಿಯಸ್ ಅದರ ಗಡಿ. ಇಲ್ಲಿ ಗೊತ್ತಿರಬೇಕಾದ ಸೂಕ್ಷ್ಮ ಎಂದರೆ ಅತಿ ಹೆಚ್ಚು ಉಷ್ಣ ಪೂರ್ಣ ಥ್ರಾಟಲ್‌ನಲ್ಲಿ ಬರುವುದಿಲ್ಲ, ಮಧ್ಯದಲ್ಲಿ, ಕ್ರೂಸ್‌ನಲ್ಲಿ ಬರುತ್ತದೆ. ಅಲ್ಲಿ ಪೆಟ್ರೋಲ್ ಅಳೆಯುವುದು ಮುಖ್ಯ ಜೆಟ್ ಅಲ್ಲ, ಜೆಟ್ ಸೂಜಿ. ಪ್ರೊಪೆಲ್ಲರ್ ಪಿಚ್ (ಅಲಗುಗಳ ಓರೆ) ತೀರಾ ಹಗುರ ಮಾಡಿದರೆ ಎಂಜಿನ್‌ಗೆ ಹೊರೆ ಇಲ್ಲದೆ ಸಣ್ಣ ಥ್ರಾಟಲ್‌ನಲ್ಲೇ ಆರ್‌ಪಿಎಂ ಏರಿ, ಮಿಶ್ರಣ ತೆಳುವಾಗಿ ಉಷ್ಣ ಜಿಗಿಯುತ್ತದೆ. ಹಾಗಾಗಿ ಉಷ್ಣ ಹೆಚ್ಚಿದೆ ಎಂದು ಜೆಟ್ ಬದಲಿಸುವ ಮೊದಲು ಪಿಚ್ ಅಳೆಯಿರಿ. ಒಂದೇ ಸಿಲಿಂಡರ್‌ನ ಉಷ್ಣ ಹೆಚ್ಚಿದ್ದರೆ ಆ ಕಡೆಯ ಕಾರ್ಬ್ಯುರೇಟರ್ ಕೂರುವ ರಬ್ಬರ್ ಸಾಕೆಟ್ಟನ್ನು ಕೈಯಿಂದ ಬಾಗಿಸಿ ನೋಡಿ. ಮಟ್ಟಸವಾಗಿದ್ದಾಗ ಕಾಣದ ಬಿರುಕು ಬಾಗಿಸಿದಾಗ ಬಾಯಿ ಬಿಡುತ್ತದೆ. ಅಲ್ಲಿಂದ ಬರುವ ಗಾಳಿಗೆ ಪೆಟ್ರೋಲ್ ಪಾಲಿಲ್ಲ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. 34 ಡಿಗ್ರಿ ಸೆಲ್ಸಿಯಸ್ ಇರುವ ಏಪ್ರಿಲ್ ಮಧ್ಯಾಹ್ನ ಇಲ್ಲಿನ ಗಾಳಿ 6000 ಅಡಿ ಎತ್ತರದ ಗಾಳಿಯಷ್ಟು ತೆಳು. ಅದಕ್ಕೆ ಹೊಂದಿಸಿ ಸಣ್ಣ ಜೆಟ್ ಹಾಕಿಕೊಂಡ ವಿಮಾನವನ್ನು ಟ್ರೇಲರಿನಲ್ಲಿ ಕಾರವಾರದ ಕಡೆಗೋ ಮಂಗಳೂರಿಗೋ ಒಯ್ದು ಹಾಗೆಯೇ ಹಾರಿಸಿದರೆ, ಕರಾವಳಿಯ ದಟ್ಟ ಗಾಳಿಯಲ್ಲಿ ಅದೇ ಜೆಟ್ ತೆಳು ಮಿಶ್ರಣ ಕೊಟ್ಟು ಪಿಸ್ಟನ್ ಕಚ್ಚಿಸುತ್ತದೆ. ಘಟ್ಟ ಇಳಿಯುವಾಗ ಜೆಟ್ ಪೆಟ್ಟಿಗೆ ಜೊತೆಯಲ್ಲಿರಲಿ. 912ರ ಕಾರ್ಬ್ಯುರೇಟರ್ ಎತ್ತರಕ್ಕೆ ತಾನೇ ಹೊಂದಿಕೊಳ್ಳುವ ಬಗೆಯದು, ಅದಕ್ಕೆ ಈ ಕಷ್ಟವಿಲ್ಲ.

ತಣ್ಣೀರಿನ ಸೀಜ್ ಅನೇಕರಿಗೆ ಅಪರಿಚಿತ, ಅದಕ್ಕೇ ಹೆಚ್ಚು ಅಪಾಯ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದಾಗ ಬೇಗ ಹಿಗ್ಗುತ್ತದೆ. ಅದರ ಸುತ್ತಲಿನ ಸಿಲಿಂಡರ್ ತಣ್ಣಗಿದ್ದರೆ ಅಷ್ಟೇ ಬೇಗ ಹಿಗ್ಗುವುದಿಲ್ಲ. ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎಣಿಸುವಷ್ಟು. ನೀರು 65 ಡಿಗ್ರಿ ತಲುಪುವ ಮೊದಲೇ ಪೂರ್ಣ ಥ್ರಾಟಲ್ ಕೊಟ್ಟರೆ ಒಂದು ಬಗೆಯ ಅಪಾಯ. ಇನ್ನೊಂದು ಹೀಗೆ: ಐಡಲ್‌ನಲ್ಲಿ ಉದ್ದಕ್ಕೆ ಇಳಿಯುತ್ತಾ ಬಂದಾಗ ರೇಡಿಯೇಟರಿನ ನೀರು ತಣ್ಣಗಾಗಿರುತ್ತದೆ, ರನ್‌ವೇ ಸಿಗುವುದಿಲ್ಲವೆಂದು ತಟ್ಟನೆ ಥ್ರಾಟಲ್ ತಳ್ಳಿದರೆ ಆ ನೀರು ಸಿಲಿಂಡರಿಗೆ ನುಗ್ಗುತ್ತದೆ, ಪಿಸ್ಟನ್ ಹಿಗ್ಗುತ್ತದೆ, ಕಚ್ಚುತ್ತದೆ. ಇಳಿಯುವಾಗ 3000ಕ್ಕಿಂತ ಮೇಲೆ ಆರ್‌ಪಿಎಂ ಇಡಿ, ನಡುನಡುವೆ ಸ್ವಲ್ಪ ಶಕ್ತಿ ಕೊಡಿ, ಏರಿಸುವಾಗ ಮೂರು–ನಾಲ್ಕು ಸೆಕೆಂಡ್ ತೆಗೆದುಕೊಂಡು ತಳ್ಳಿ. ಥರ್ಮೋಸ್ಟ್ಯಾಟ್ ಕೆಟ್ಟಿದ್ದರೆ ತೆಗೆದೆಸೆದು ಹಾರಿಸುವ ಅಭ್ಯಾಸ ಕೆಲವೆಡೆ ಇದೆ, ದಯವಿಟ್ಟು ಬೇಡ. ನೀರಿನ ಉಷ್ಣ 80 ದಾಟುವುದೂ ಬೇಡ.

ಯಾವ ಸೀಜ್ ಎಂದು ತಿಳಿಯಲು ಎಂಜಿನ್ ಬಿಚ್ಚಬೇಕಿಲ್ಲ. ಎರಡೂ ಇಗ್ನಿಷನ್ ಬಂದ್ ಮಾಡಿ, ಪ್ಲಗ್ ಕಳಚಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದು, ಪ್ರೊಪೆಲ್ಲರ್ ಕೈಯಿಂದ ನಿಧಾನ ತಿರುಗಿಸುತ್ತಾ ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ನಿನ ಎಕ್ಸಾಸ್ಟ್ ಮುಖದಲ್ಲಿ ಮಾತ್ರ ಅಗಲವಾಗಿ ಉಜ್ಜಿ ಬೆಳ್ಳಗಾಗಿದ್ದರೆ ಬಿಸಿ. ಸುತ್ತ ನಾಲ್ಕು ಮೂಲೆಗಳಲ್ಲಿ ಉದ್ದುದ್ದ ಗೀರುಗಳಿದ್ದರೆ ತಣ್ಣೀರಿನದು. ಎಕ್ಸಾಸ್ಟ್ ಕಡೆ ಕಾಣುವುದು ಅದರಲ್ಲಿ ಎರಡು. ಒಂದು ಮರದ ಕಡ್ಡಿಯಿಂದ ರಿಂಗನ್ನು ಒತ್ತಿ, ಸ್ಪ್ರಿಂಗಿನ ಹಾಗೆ ಮರಳಬೇಕು. ಮರಳದಿದ್ದರೆ ಮಸಿ ಕಟ್ಟಿ ಅಂಟಿಕೊಂಡಿದೆ. 50 ಗಂಟೆಗೊಮ್ಮೆ ಮಸಿ ತೆಗೆಯುವುದು ಇದಕ್ಕಾಗಿಯೇ.

ಪ್ಲಗ್ಗಿನ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ತೆಳು ಕಾಫಿ ಪುಡಿ ಬಣ್ಣ ಸರಿ. ಸುಣ್ಣದಂತೆ ಬಿಳಿ ಎಂದರೆ ತೆಳು ಮಿಶ್ರಣ. ಬಿಳಿಯ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣದಾದ, ಮಿನುಗುವ ಬೂದು ಮಣಿಗಳು ಅಂಟಿದ್ದರೆ ಅದು ಕರಗಿ ಚಿಮ್ಮಿದ ಪಿಸ್ಟನ್ನಿನ ಅಲ್ಯೂಮಿನಿಯಂ; ಎಂಜಿನ್ ಇನ್ನೂ ಓಡುತ್ತಿದ್ದರೂ ಹಾರಿಸಬಾರದು. ಪ್ಲಗ್ ಬಿ8ಇಎಸ್, ಸಂದು 0.5 ಮಿ.ಮೀ., 25 ಗಂಟೆಗೊಮ್ಮೆ ಹೊಸದು.

ಉಳಿದ ಸಣ್ಣ ಕಾರಣಗಳು

582ಕ್ಕೆ ಎರಡು ಇಗ್ನಿಷನ್ ಇದ್ದರೂ ಸ್ವಿಚ್ಚಿನ ವೈರುಗಳು ಒಂದೇ ಕಂತೆಯಲ್ಲಿ ಬರುತ್ತವೆ. ಆ ವೈರು ಫ್ರೇಮಿಗೆ ತಾಗಿದರೆ ಇಗ್ನಿಷನ್ ಬಂದ್ ಆಗುವ ವ್ಯವಸ್ಥೆ ಇದು, ಆದ್ದರಿಂದ ಪೈಪಿಗೆ ಉಜ್ಜುವ ಕಡೆಯೆಲ್ಲ ರಬ್ಬರ್ ಸುತ್ತಿ, ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಒಯ್ಯಿರಿ. ಥ್ರಾಟಲ್ ಕೇಬಲ್ ಒಂದರಿಂದ ಎರಡಾಗುವ ಜೋಡಣೆಯಲ್ಲಿ ಎಳೆ ಕಿತ್ತಿದೆಯೇ ನೋಡಿ. 582ರಲ್ಲಿ ಕೇಬಲ್ ತುಂಡಾದ ಕಡೆಯ ಸಿಲಿಂಡರ್ ಐಡಲ್‌ಗೆ ಬೀಳುತ್ತದೆ. 912ರಲ್ಲಿ ತಿರುಗುಮುರುಗು: ಅಲ್ಲಿನ ಸ್ಪ್ರಿಂಗ್ ಥ್ರಾಟಲನ್ನು ಪೂರ್ತಿ ತೆರೆಯುವ ಕಡೆ ಎಳೆಯುತ್ತದೆ. ಆಗ ಏರ್‌ಫೀಲ್ಡಿನ ಮೇಲೆ ಎತ್ತರ ಇಟ್ಟುಕೊಂಡು, ಇಗ್ನಿಷನ್ ಬಂದ್ ಮಾಡಿ ಗ್ಲೈಡ್‌ನಲ್ಲೇ ಇಳಿಯಬೇಕು. 912ರ ಇಗ್ನಿಷನ್ ಪರೀಕ್ಷೆ 4000 ಆರ್‌ಪಿಎಂನಲ್ಲಿ. ಒಂದನ್ನು ಬಂದ್ ಮಾಡಿದಾಗ 300ಕ್ಕಿಂತ ಹೆಚ್ಚು ಇಳಿಯಬಾರದು. ಆಯಿಲ್ 50 ಡಿಗ್ರಿ ಆಗುವ ತನಕ ಟೇಕಾಫ್ ಇಲ್ಲ. ಅದರ ಫ್ಲೋಟ್‌ಗಳು ಪೆಟ್ರೋಲ್ ಹೀರಿ ಭಾರವಾಗುವುದುಂಟು. ಒಂದು ಕಾರ್ಬ್ಯುರೇಟರಿನ ಎರಡೂ ಫ್ಲೋಟ್ ಸೇರಿ 7 ಗ್ರಾಂ ದಾಟಿದರೆ ಬದಲಿಸಿ.

ಪ್ರೊಪೆಲ್ಲರ್ ಹಿಂದಿರುವ ವಿಮಾನಗಳಲ್ಲಿ ಎಕ್ಸಾಸ್ಟ್ ಸ್ಪ್ರಿಂಗ್ ತುಂಡಾದರೆ ನೇರ ಪ್ರೊಪೆಲ್ಲರಿಗೇ ಹೋಗುತ್ತದೆ. ಪ್ರತಿ ಸ್ಪ್ರಿಂಗಿನ ಒಳಗಿಂದ ಸೇಫ್ಟಿ ವೈರ್ ಹಾಯಿಸಿ, ಉದ್ದಕ್ಕೂ ಬಿಸಿ ತಡೆಯುವ ಸಿಲಿಕೋನ್ ಹಚ್ಚಿ. ಅದುರುವುದು ಕಡಿಮೆಯಾಗುತ್ತದೆ, ತುಂಡಾದರೂ ಅಲ್ಲೇ ಉಳಿಯುತ್ತದೆ.

ಬಿದ್ದ ವಿಮಾನದ ಬಳಿ

ಗಾಯಗೊಂಡವರನ್ನು ಹೊರತೆಗೆಯಿರಿ, ಪೆಟ್ರೋಲ್ ಮತ್ತು ಬ್ಯಾಟರಿ ಬಂದ್ ಮಾಡಿ. ವಿಮಾನದಲ್ಲಿ ರಾಕೆಟ್ ಪ್ಯಾರಾಶೂಟ್ ಇದ್ದು ಅದು ಸಿಡಿಯದೆ ಉಳಿದಿದ್ದರೆ, ಕೂಡಿಬರುವ ಊರಿನವರನ್ನು ರಾಕೆಟ್ಟಿನ ಬಾಯಿ ಇರುವ ದಿಕ್ಕಿನಿಂದ ಮೊದಲು ಸರಿಸಿ, ಬೀಡಿ ಹಚ್ಚಲು ಬಿಡಬೇಡಿ, ಹಿಡಿಕೆಯ ಕೇಬಲ್ ಯಾರೂ ಎಳೆಯದಂತೆ ನೋಡಿಕೊಳ್ಳಿ. ಅಪಘಾತವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮತ್ತು ವಿಮಾನ ಅಪಘಾತ ತನಿಖಾ ಬ್ಯೂರೋಗೆ ತಿಳಿಸುವುದು ಕಾನೂನಿನ ಕರ್ತವ್ಯ. ಜೀವ ಉಳಿಸಲು ಬೇಕಾದಷ್ಟನ್ನು ಬಿಟ್ಟು ಅವಶೇಷ ಕದಲಿಸಬಾರದು. ಸ್ವಿಚ್, ಕಾಕ್, ಥ್ರಾಟಲ್ ಎಲ್ಲಿದ್ದವು ಎಂಬುದರ ಫೋಟೋ ತೆಗೆದಿಡಿ, ಪೆಟ್ರೋಲ್ ಕಾಕ್ ಮುಚ್ಚುವ ಮೊದಲೇ ಆದರೆ ಇನ್ನೂ ಒಳ್ಳೆಯದು. ಮೇಲೆ ಹೇಳಿದ ಬಿಚ್ಚುವ ಕೆಲಸಕ್ಕೆ ತನಿಖೆಯವರ ಅನುಮತಿ ಸಿಕ್ಕ ಮೇಲೆಯೇ ಕೈಹಾಕಿ.

ಏನೂ ಮುರಿಯದೆ ಹೊಲದಲ್ಲಿ ಇಳಿದಿದ್ದರೂ ಅಲ್ಲಿಂದಲೇ ಮತ್ತೆ ಹಾರಿಸಬೇಡಿ. ರೆಕ್ಕೆ ಕಳಚಿ ಟ್ರೇಲರಿನಲ್ಲಿ ತನ್ನಿ. ಕಾರಣ ಸಿಕ್ಕು ಸರಿಪಡಿಸಿದ ಮೇಲೆ ಮೊದಲು ಬಾಲ ಕಟ್ಟಿ ಒಂದು ಗಂಟೆ ಬೇರೆ ಬೇರೆ ಆರ್‌ಪಿಎಂನಲ್ಲಿ ಓಡಿಸಿ, ತಣಿದ ಮೇಲೆ ಪ್ಲಗ್ ನೋಡಿ, ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಮೊದಲ ಹಾರಾಟಕ್ಕೆ ಒಬ್ಬರೇ ಹೋಗಿ, ಬೆಳಗಿನ ತಂಪು ಗಾಳಿಯಲ್ಲಿ, ಎಂಜಿನ್ ನಿಂತರೂ ರನ್‌ವೇ ಸಿಗುವ ಎತ್ತರದಲ್ಲಿ ಏರ್‌ಫೀಲ್ಡಿನ ಮೇಲೆಯೇ ಅರ್ಧ ಗಂಟೆ ಸುತ್ತಿ ಇಳಿಯಿರಿ.